ಏಳು ಸಾವಿರದ ಕಾರ್ಡು

ಆಗಸ್ಟ್ 11, ಸೋಮವಾರ

ಮತ್ತೆ ಅದೇ ರಂಪ. ಮೂರನೇ ಕೋಣೆ, ಹತ್ತು ಗಂಟೆಯ ಬುಕಿಂಗು. ಕಾನೂನು ಓದುವ ಹುಡುಗ ಬಂದದ್ದು ಹತ್ತೂ ಹದಿನಾರಕ್ಕೆ. ಹದಿನೈದಕ್ಕೇ ಕ್ಯಾನ್ಸಲ್ ಮಾಡಿ, ಕಾಯುತ್ತಿದ್ದವಳಿಗೆ ಕೊಟ್ಟಾಗಿತ್ತು. "ಒಂದು ನಿಮಿಷ ಮೇಡಂ, ಒಂದೇ ಒಂದು ನಿಮಿಷ!" ಎಂದು ಕುಣಿದಾಡಿದ. "ಇವತ್ತು ಒಂದು ಬಿಟ್ರೆ ನಾಳೆ ಎರಡು ಕೇಳ್ತೀಯ" ಅಂದೆ. "ನೀವು ಮನುಷ್ಯರಲ್ಲ ಮೇಡಂ, ಗಡಿಯಾರ" ಅಂದವನೇ ದಡದಡ ಮೆಟ್ಟಿಲಿಳಿದು ಹೋದ.

ಅನ್ನಲಿ. ನನಗೆ ‘ಹದಿನೈದು ನಿಮಿಷ’ ಎಂದು ಹೆಸರಿಟ್ಟಿರುವುದೂ ಗೊತ್ತು. ಇಡೀ ವಿಶ್ವವಿದ್ಯಾಲಯದ ಲೈಬ್ರರಿಗೆ ಬಾಗಿಲು ಹಾಕಿಕೊಂಡು ಓದುವ ಕೋಣೆಗಳು ಇರುವುದು ಹತ್ತೇ. ಕಿತ್ತಾಡುವವರು ಸಾವಿರಾರು. ಒಂದು ಕಾರ್ಡಿಗೆ ದಿನಕ್ಕೆ ಎರಡೇ ಗಂಟೆ. ನಾಳೆಯ ಬುಕಿಂಗು ಇವತ್ತು ಸಂಜೆ ಆರಕ್ಕೆ ಶುರು. ಹದಿನೈದು ನಿಮಿಷದೊಳಗೆ ನನ್ನ ಮೇಜಿನ ಮುಂದೆ ಬಂದು ನಿಲ್ಲದಿದ್ದರೆ ರದ್ದು. ಮೂರೂ ನಿಯಮ ನಾನೇ ಬರೆದದ್ದು. ಡೀನ್ ಮಗನಾದರೂ ಅಷ್ಟೇ, ತೋಟದವನ ಮಗಳಾದರೂ ಅಷ್ಟೇ.

ಮನೆಗೆ ಬಂದು ಇವರಿಗೆ ಹೇಳಿದೆ. ವಾಚು ರಿಪೇರಿಯವರು, ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರ ತೆಗೆಯದೆಯೇ ನಕ್ಕರು. "ಗಡಿಯಾರ ಅಂದ್ನಾ? ನನ್ನ ಹೆಂಡ್ತೀನ ಇಷ್ಟು ಹೊಗಳಿದವರು ಇನ್ಯಾರೂ ಇಲ್ಲ." ಆಮೇಲೆ ದಿನಾ ಕೇಳುವ ಪ್ರಶ್ನೆ— "ನಮ್ಮ ಮಗ ಇವತ್ತು ಓದಿದ್ನಾ?"

ಓದಿದ. ಏಳನೇ ಕೋಣೆ, ಹತ್ತರಿಂದ ಹನ್ನೆರಡು.

ಮಕ್ಕಳಿಲ್ಲದ ಮನೆ ನಮ್ಮದು. ‘ಮಗ’ ಅಂದರೆ ಏಳು ಸಾವಿರ. ರಿಜಿಸ್ಟರ್ ಕಾಲದಲ್ಲಿ ಒಬ್ಬಳಿಗೆ ಫೋನಿನಲ್ಲೇ ಕೆಲಸದ ಇಂಟರ್‌ವ್ಯೂ ಇತ್ತು, ಒಂದು ಕೋಣೆಯೂ ಖಾಲಿ ಇರಲಿಲ್ಲ, ಪಾಪ, ಬಾತ್‌ರೂಮಿನ ಮೂಲೆಯಲ್ಲಿ ನಿಂತು ಮಾತಾಡಿದಳು. ಆವತ್ತಿನಿಂದ ದಿನಾ ಒಂದು ಕೋಣೆಯನ್ನು ಇಲ್ಲದ ಕಾರ್ಡಿನ ಮೇಲೆ ಹಿಡಿದಿಡುತ್ತೇನೆ. ಆಗ ಕಾರ್ಡಿನ ನಂಬರು ನಾಲ್ಕು ಸಾವಿರದ ಸುತ್ತ ಇತ್ತು. ಏಳು ಸಾವಿರ ಬರುವಷ್ಟರಲ್ಲಿ ನಾನು ರಿಟೈರ್ ಆಗಿರುತ್ತೇನೆ ಅಂದುಕೊಂಡು ಅದನ್ನೇ ಬರೆದೆ. ಕಂಪ್ಯೂಟರು ಬಂದ ಮೇಲೂ ಅದೇ. ಆರು ಹೊಡೆಯುತ್ತಿದ್ದಂತೆ ಮೊದಲ ಬುಕಿಂಗು ಅವನದು. ಕೌಂಟರಿನಲ್ಲಿ ಬರೀ ನಂಬರು ಸಾಕು, ಹೆಸರು ಕೇಳುವುದಿಲ್ಲ. ಮಾರನೆಯ ದಿನ ನಿಜವಾಗಿಯೂ ಕಷ್ಟ ಇರುವವರು ಬಂದರೆ ಕೀ ಕೊಡುತ್ತೇನೆ. ಈಗ ಹೆಚ್ಚಾಗಿ ಪಿಎಚ್‌ಡಿ ಅಮ್ಮ— ಆರು ತಿಂಗಳ ಕೂಸು ಕಟ್ಟಿಕೊಂಡು ಥೀಸಿಸ್ ಬರೆಯುವವಳು. ಯಾರಿಗೂ ಗೊತ್ತಿಲ್ಲ. ಯಾರಿಗೂ ನಷ್ಟವೂ ಇಲ್ಲ.


ಆಗಸ್ಟ್ 19

ಹೊಸ ಸುಳ್ಳು ಕೇಳಿದೆ ಇವತ್ತು. ತೆಳ್ಳಗಿನ ಹುಡುಗಿ, ಈ ವರ್ಷ ಸೇರಿದವಳು. ಬುಕ್ ಮಾಡಲು ಹೋದರೆ ‘ಈ ಕಾರ್ಡಿಗೆ ಬುಕಿಂಗ್ ಆಗಿದೆ’ ಎಂದು ಬರುತ್ತದಂತೆ. ತಾನು ಮಾಡೇ ಇಲ್ಲವಂತೆ. ಇಷ್ಟು ಹೇಳಲು ಮೂರು ನಿಮಿಷ! "ನಾ... ನಾ..." ಅನ್ನುತ್ತ ನಿಂತುಬಿಡುತ್ತಾಳೆ. ಹಿಂದೆ ಏಳು ಜನರ ಸಾಲು. ಸುಳ್ಳು ಹೇಳುವವರು ಹೀಗೇ ತಡವರಿಸುವುದು, ಮೂವತ್ತು ವರ್ಷದಿಂದ ನೋಡಿದ್ದೇನೆ. ಕಾರ್ಡು ಚಾಚಿದಳು. ನೋಡಲಿಲ್ಲ. "ಮೆಷಿನ್ ಸುಳ್ಳು ಹೇಳಲ್ಲಮ್ಮ. ನೀನೇ ಮಾಡಿ ಮರ್ತಿರ್ತೀಯ, ಇಲ್ಲಾ ಫ್ರೆಂಡಿಗೆ ಕಾರ್ಡು ಕೊಟ್ಟಿರ್ತೀಯ. ಆಗಿದ್ರೆ ಹೋಗಿ ಕೂತ್ಕೋ. ನೆಕ್ಸ್ಟ್!"

ಹೋದಳು. ಬಾಯಿ ಸತ್ತವಳ ಹಾಗೆ.

ಮಂಡಿ ನೋವು ಜಾಸ್ತಿ. ಇವರು ಎಣ್ಣೆ ಹಚ್ಚಿಕೊಟ್ಟರು.


ನವೆಂಬರ್ 24

ಮೆಟ್ಟಿಲ ಹುಡುಗಿಯನ್ನು ಇವತ್ತೂ ಎಬ್ಬಿಸಿದೆ. ಎರಡನೇ ಮಹಡಿಯ ತಿರುವಿನಲ್ಲಿ, ನೀರಿನ ಫಿಲ್ಟರ್ ಪಕ್ಕ ಕುಳಿತು, ಗೋಡೆಗೆ ಮುಖ ಮಾಡಿ ಗೊಣಗುಟ್ಟುತ್ತಾಳೆ. ಗೋಡೆಗೆ ಪಾಠ ಮಾಡುತ್ತಿದ್ದಾಳೋ ಏನೋ. ಓಡಾಡುವವರಿಗೆ ತೊಂದರೆ, ಓದುವವರಿಗೂ ತೊಂದರೆ. "ಇದು ಲೈಬ್ರರಿ, ಸಂತೆಯಲ್ಲ. ಗಟ್ಟಿಯಾಗಿ ಓದ್ಬೇಕಾದ್ರೆ ಕೋಣೆ ಬುಕ್ ಮಾಡು" ಅಂದೆ. ನನ್ನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಪುಸ್ತಕ ಎತ್ತಿಕೊಂಡು ಎದ್ದಳು.

ಪಿಎಚ್‌ಡಿ ಅಮ್ಮನ ಥೀಸಿಸ್ ಮುಗಿಯಿತಂತೆ. ನನ್ನ ಕೈ ಹಿಡಿದುಕೊಂಡು ಅತ್ತಳು. ಮನಸ್ಸು ತುಂಬಿ ಬಂತು.


ಏಪ್ರಿಲ್ 7, ಮಂಗಳವಾರ

ನಾಲ್ಕು ತಿಂಗಳು ಬರೆದೇ ಇಲ್ಲ. ಬರೆಯುವಂಥದ್ದು ಏನೂ ಆಗಿರಲಿಲ್ಲ. ಇವತ್ತು ಆಯಿತು.

ಬೆಳಿಗ್ಗೆ ಲೈಬ್ರೇರಿಯನ್ ಸಾಹೇಬರು ಒಳಗೆ ಕರೆದರು. ಭಾರಿ ಉತ್ಸಾಹದಲ್ಲಿದ್ದರು. ಈ ವರ್ಷದಿಂದ ‘ಶಿಸ್ತಿನ ಓದುಗ’ ಪ್ರಶಸ್ತಿಯಂತೆ. ಬುಕ್ ಮಾಡಿದ ಕೋಣೆಗೆ ತಪ್ಪದೆ ಬಂದವರಿಗೆ, ತಡ ಮಾಡದವರಿಗೆ. ಕಂಪ್ಯೂಟರಿನಿಂದ ಪಟ್ಟಿಯೂ ತೆಗೆಸಿದ್ದಾರೆ. "ಮೇಡಂ, ನಿಮ್ಮ ನಿಯಮದ ಮಹಿಮೆ ನೋಡಿ! ಒಬ್ಬರು ಇನ್ನೂರ ಹನ್ನೊಂದು ದಿನ ಬುಕ್ ಮಾಡಿದಾರೆ. ಒಂದ್ಸಲಾನೂ ಲೇಟಿಲ್ಲ, ಒಂದ್ಸಲಾನೂ ಕ್ಯಾನ್ಸಲ್ಲಿಲ್ಲ. ಎಂಥಾ ಶಿಸ್ತು!"

ಬೆರಳಿಟ್ಟು ತೋರಿಸಿದರು. ಕಾರ್ಡು 7000.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಕೀಗೊಂಚಲಿಗೆ ಹೋಯಿತು. "ಹೌದಾ ಸಾರ್" ಅಂದೆ. 

ಮನೆಯಲ್ಲಿ ಇವರು ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡರು. "ಫಸ್ಟ್ ಬಂದ್ನಾ ಮಗ! ಇಷ್ಟು ದಿನ ಸಾಕಿದ್ದಕ್ಕೆ ಸಾರ್ಥಕ ಆಯ್ತು ಬಿಡು. ಸ್ಟೇಜ್ ಮೇಲೆ ಯಾರನ್ನ ಕಳಿಸ್ತೀಯ?" ಅವರಿಗೆ ತಮಾಷೆ. ನನಗಲ್ಲ. ಕಾರ್ಡು ರದ್ದಾಗಿದೆ, ವಿದ್ಯಾರ್ಥಿ ಬಿಟ್ಟು ಹೋಗಿದ್ದಾನೆ ಎಂದು ಹೇಳಿ ಎರಡನೆಯವರಿಗೆ ಕೊಡಿಸಬೇಕು. ನಾಳೆಯೇ.


ಏಪ್ರಿಲ್ 8, ಬೆಳಿಗ್ಗೆ 11.10



ಸಾಹೇಬರಿಗೆ ಹೇಳಲು ಹೋದೆ. ಮೇಜಿನ ಮೇಲೆ ಸರ್ಟಿಫಿಕೇಟು ಸಿದ್ಧವಾಗಿ ಕೂತಿದೆ. ಅದರಲ್ಲಿ ಹೆಸರಿದೆ.

ಏಳು ಸಾವಿರಕ್ಕೆ ಹೆಸರಿದೆ!

ಹೆಸರಿನ ಪಕ್ಕ ಫೋಟೋ ಇದೆ. ತೆಳ್ಳಗಿನ ಮುಖ. ಮೆಟ್ಟಿಲ ಹುಡುಗಿ.

ನಾನು ಹುಟ್ಟಿಸಿದ ಮಗನಿಗೆ ಹುಡುಗಿಯ ಮುಖ ಹೇಗೆ ಬಂತು ಎಂದು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತೆನೋ. "ಏನಾಯ್ತು ಮೇಡಂ, ಕೂತ್ಕೊಳ್ಳಿ" ಅಂದರು ಸಾಹೇಬರು. ಕೂರಲಿಲ್ಲ. ಕೆಳಗೆ ಕಾರ್ಡ್ ವಿಭಾಗಕ್ಕೆ ಓಡಿದೆ— ಮಂಡಿ ನೋವು ಎಲ್ಲಿತ್ತೋ. ಅಲ್ಲಿಯ ಗುಮಾಸ್ತೆ ಟೀ ಕುಡಿಯುತ್ತಲೇ ಹೇಳಿದಳು: "ಹಳೇ ಸೀರೀಸ್ ಕಳೆದ ಜುಲೈಗೇ ನಿಂತೋಯ್ತಲ್ಲಾ ಅಕ್ಕ. ಹೊಸ ಕಾರ್ಡೆಲ್ಲ ಆರು ಸಾವಿರದ ಐನೂರ ಒಂದರಿಂದ. ನಿಮ್ಗೆ ಗೊತ್ತಿಲ್ವಾ? ದಿನಾ ನೋಡ್ತೀರಲ್ಲ."

ದಿನಾ ನೋಡುತ್ತೇನೆ. ಆರು ಸಾವಿರದ ಆರುನೂರು, ಎಂಟುನೂರು... ಕಣ್ಣ ಮುಂದೆಯೇ ಹಾದು ಹೋಗಿವೆ. ಹೊಳೆಯಲೇ ಇಲ್ಲ.


ಅದೇ ದಿನ, ಮಧ್ಯಾಹ್ನ 3.20

ಈ ಪುಸ್ತಕದ ಹಿಂದಿನ ಪುಟ ತಿರುಗಿಸಿದೆ. ಆಗಸ್ಟ್ ಹತ್ತೊಂಬತ್ತು.

‘ಕಾರ್ಡು ಚಾಚಿದಳು. ನೋಡಲಿಲ್ಲ.’

ನನ್ನದೇ ಅಕ್ಷರ. ದುಂಡಗೆ, ನೆಟ್ಟಗೆ, ಒಂದು ಚಿತ್ತೂ ಇಲ್ಲದೆ ಬರೆದಿದ್ದೇನೆ. ಒಂದು ಸಲ ತಲೆ ಬಗ್ಗಿಸಿದ್ದರೆ ಸಾಕಿತ್ತು. ನಾಲ್ಕು ಅಂಕೆ ಓದಲು ಎಷ್ಟು ಹೊತ್ತು ಬೇಕು?

ದಿನಾ ಸಂಜೆ ಆರು ಹೊಡೆಯುತ್ತಿದ್ದಂತೆ ನಾನು ಅವಳ ಎರಡು ಗಂಟೆ ಕಿತ್ತುಕೊಂಡಿದ್ದೇನೆ. ಅವಳು ಎಷ್ಟು ಬೇಗ ಒತ್ತಿದರೂ ನಾನೇ ಮೊದಲು. ಇನ್ನೂರ ಹನ್ನೊಂದು ದಿನ. ನಾನೂರ ಇಪ್ಪತ್ತೆರಡು ಗಂಟೆ. ಸಾಲದ್ದಕ್ಕೆ ಮೆಟ್ಟಿಲಿನಿಂದಲೂ ಎಬ್ಬಿಸಿದೆ. ‘ಕೋಣೆ ಬುಕ್ ಮಾಡು’ ಅಂದೆ. ಅಯ್ಯೋ, ಅವಳಿಗೇ ಅಂದೆ! ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಆ ಬೇಲಿ ನಾನು.

ಆರು ಹೊಡೆಯಲು ಇನ್ನೂ ಎರಡು ಗಂಟೆ ನಲವತ್ತು ನಿಮಿಷ ಇದೆ. ಇವತ್ತು ನಾನು ಬುಕ್ ಮಾಡುವುದಿಲ್ಲ.


ಏಪ್ರಿಲ್ 9

ಸಾಹೇಬರಿಗೆ ಪೂರ್ತಿ ಹೇಳಿದೆ. ರಿಜಿಸ್ಟರ್ ಕಾಲದಿಂದ ಹಿಡಿದು. ಬಾಯಿ ಬಿಟ್ಟುಕೊಂಡು ಕೇಳಿದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಎದ್ದು ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿ ಅಂದರು:

"ನೀವೇನು ಸ್ವಂತಕ್ಕೆ ಇಟ್ಕೊಂಡ್ರಾ? ಕಷ್ಟದಲ್ಲಿದ್ದವರಿಗೆ ಕೊಟ್ರಿ. ಇಲ್ಲಿಗೇ ಬಿಟ್ಬಿಡಿ. ಆ ಹುಡುಗಿಗೆ ಸರ್ಟಿಫಿಕೇಟ್ ಕೊಡೋಣ. ಅವಳಿಗೂ ಖುಷಿ, ನಮಗೂ ಮರ್ಯಾದೆ."

"ಸಾರ್, ಅವಳು ಆ ಕೋಣೇಲಿ ಒಂದು ದಿನಾನೂ ಕೂತಿಲ್ಲ."

"ಕೂತಿಲ್ಲ ಅಂತ ಯಾರಿಗೆ ಗೊತ್ತು?"

ಅವಳಿಗೆ ಗೊತ್ತಲ್ಲ! ಹಾಗೆ ಹೇಳಿಬಿಡಬೇಕಿತ್ತು.  ಅವಳ ಹೆಸರಿನ ಮೇಲೆ ಅವಳದ್ದನ್ನು ಕದ್ದು, ಅವಳಿಗೇ ಅದಕ್ಕೆ ಪ್ರಶಸ್ತಿ ಕೊಡುವುದು. ಇಂಥದ್ದು ಎಲ್ಲಾದರೂ ಉಂಟೇ?

ಪಿಎಚ್‌ಡಿ ಅಮ್ಮನಿಗೆ ಕೊಟ್ಟದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗಾಯಿತು. ಕೊಟ್ಟವಳೆಂಬ ಹೆಸರು ನನಗೆ, ಕಳೆದುಕೊಂಡವಳು ಮೆಟ್ಟಿಲ ಮೇಲೆ.


ಏಪ್ರಿಲ್ 10, ಶುಕ್ರವಾರ

ಹಾಸ್ಟೆಲ್ಲಿಗೆ ಹೋಗಿದ್ದೆ. ವಾರ್ಡನ್ ಕೆಳಗೆ ಕರೆಸಿದರು. ನನ್ನನ್ನು ಕಂಡವಳೇ ಹುಡುಗಿ ಬಿಳಿಚಿಕೊಂಡಳು. ಭೇಟಿಯ ಕೋಣೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕೆಟ್ಟ ಫ್ಯಾನು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು ಹೋಯಿತು. ಹೇಗೋ ಹೇಳಿದೆ. ನಿನ್ನ ನಂಬರು ನಾನು ಬಳಸಿಕೊಂಡೆ, ಅದು ನಿನ್ನದೆಂದು ಗೊತ್ತಿರಲಿಲ್ಲ, ನೀನು ಬಂದು ಹೇಳಿದಾಗ ನೋಡಲಿಲ್ಲ.

ಅವಳು ಮಾತಾಡಲು ಹೊರಟಳು. ಮಾತು ಬರಲಿಲ್ಲ. ತುಟಿ ನಡುಗುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ಮೊದಲ ಅಕ್ಷರ ಅಲ್ಲೇ ನಿಲ್ಲುತ್ತದೆ. ಆಗ ಗೊತ್ತಾಯಿತು. ಸುಳ್ಳಲ್ಲ, ಹೆದರಿಕೆಯೂ ಅಲ್ಲ. ಅವಳ ಮಾತೇ ಹಾಗೆ. ಬಹುಶಃ ಚಿಕ್ಕಂದಿನಿಂದಲೂ. ಮೂವತ್ತು ವರ್ಷದ ಅನುಭವ ಅಂದುಕೊಂಡಿದ್ದೆನಲ್ಲ, ಅದನ್ನು ಒಲೆಗೆ ಹಾಕಬೇಕು.

ಈ ಸಲ ಕಾದೆ. ಎಷ್ಟು ಹೊತ್ತಾದರೂ ಆಗಲಿ ಎಂದು ಕೂತೆ.

"ಅ... ಅದು ಶಿಕ್ಷೆ ಅನ್ಕೊಂಡಿದ್ದೆ ಮೇಡಂ" ಅಂದಳು.

"ಯಾವ ಶಿಕ್ಷೆ?"

ಎದ್ದು ಮೇಲೆ ಹೋದಳು. ಬರುವಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಒಂದು ಹಾಳೆ. ನಮ್ಮ ಲೈಬ್ರರಿ ಪುಸ್ತಕದ್ದೇ. ಪುಟ ನೂರ ನಲವತ್ತಮೂರು. ಸೇರಿದ ಮೊದಲ ವಾರ ಪುಟ ತಿರುಗಿಸುವಾಗ ಹರಿದು ಕೈಗೆ ಬಂತಂತೆ. ಹೇಳಲು ಹೆದರಿ, ಪುಸ್ತಕ ಹಾಗೇ ವಾಪಸು ಕೊಟ್ಟಳಂತೆ. ಅದರ ಮರುವಾರ ಮೊದಲ ಸಲ ಬುಕ್ ಮಾಡಲು ಹೋದರೆ ಆಗಲಿಲ್ಲ. ಏಳನೇ ಕೋಣೆ ತನ್ನ ಹೆಸರಲ್ಲೇ ಇದೆ ಎಂದು ಒಂದು ದಿನ ಹೋಗಿ ಬಾಗಿಲು ತೆಗೆದರೆ, ಒಳಗೆ ಮಗು ಮಲಗಿಸಿಕೊಂಡ ಒಬ್ಬರು. ‘ಮೇಡಮ್ಮೇ ಕೊಟ್ಟಿದ್ದು’ ಅಂದರಂತೆ.

"ನೀವು ಕಂ... ಕಂಡುಹಿಡಿದ್ರಿ, ಅದಕ್ಕೇ ನನ್ನ ಕೋಣೆ ಬೇರೆಯವರಿಗೆ ಕೊಡ್ತಿದೀರ ಅನ್ಕೊಂಡೆ."

"ಒಂದು ಪುಟಕ್ಕೆ ವರ್ಷಪೂರ್ತಿ ಶಿಕ್ಷೆನಾ? ಇನ್ನೊಂದ್ಸಲ ಬಂದು ಕೇಳ್ಬಾರ್ದಿತ್ತಾ ಮಗಳೇ?"

"ಹ... ಹದಿನೈದು ನಿಮಿಷ ಮೇಡಂ ಯಾರಿಗೂ ಅನ್ಯಾಯ ಮಾಡಲ್ಲ ಅಂತ ಎಲ್ರೂ ಹೇಳ್ತಾರೆ. ಅದಕ್ಕೇ ಕೇಳ್ಲಿಲ್ಲ."

ಯಾರೂ ನನಗೆ ಇಷ್ಟು ಜೋರಾಗಿ ಹೊಡೆದಿಲ್ಲ. ಅವಳು ಹೊಡೆಯಬೇಕೆಂದು ಹೇಳಿದ್ದೂ ಅಲ್ಲ. ಹರಿದ ಪುಟವನ್ನು ಮತ್ತೆ ಕವರಿನೊಳಗೆ ಹಾಕಿದೆ.

ಆಮೇಲೆ ಒಂದೊಂದಾಗಿ ಕೇಳಿ ತಿಳಿದೆ. ಒಬ್ಬಳೇ ಕೂತು ಗಟ್ಟಿಯಾಗಿ ಹೇಳಿಕೊಂಡರೆ ಮಾತು ಸಲೀಸಾಗುತ್ತದಂತೆ. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರು. ಓದುವ ಹಾಲಿನಲ್ಲಿ ಮೌನ. ಉಳಿದದ್ದು ಮೆಟ್ಟಿಲು. ಮೊದಲ ಸೆಮಿಸ್ಟರಿನ ವೈವಾದಲ್ಲಿ ಎಲ್ಲ ಉತ್ತರ ಗೊತ್ತಿದ್ದೂ ಬಾಯಿ ಬಿಡಲಾಗದೆ ಫೇಲಾದಳು. ಮತ್ತೊಂದು ಅವಕಾಶ ಇದೇ ಹದಿನೆಂಟಕ್ಕೆ. ಅದೂ ಹೋದರೆ ಸೀಟೇ ಹೋಗುತ್ತದೆ.

"ಇನ್ನು ಎಂಟು ದಿನ ಏಳನೇ ಕೋಣೆ ನಿಂದೇ. ಬೆಳಿಗ್ಗೆಯಿಂದ ಸಂಜೆವರೆಗೂ. ಯಾರೇನಾದ್ರೂ ಅಂದ್ಕೊಳ್ಳಲಿ, ನಾನು ನೋಡ್ಕೋತೀನಿ" ಅಂದೆ.

"ಆ ಟೈಮು ಯಾ... ಯಾರದ್ದು ಮೇಡಂ?" ಅಂದಳು.

ದಿನಕ್ಕೆ ಎರಡು ಗಂಟೆ, ಎಲ್ಲರ ಹಾಗೆ, ಅಷ್ಟು ಸಾಕು ಅಂದಳು. ಇನ್ನೂ ಕಲಿಯಲಿಲ್ಲವಲ್ಲ ನಾನು... ಅಲ್ಲೇ ಕೂತುಕೊಂಡು ಮತ್ತೆ ಅದೇ ಕೆಲಸಕ್ಕೆ ಹೊರಟಿದ್ದೆ.


ಏಪ್ರಿಲ್ 13, ಸೋಮವಾರ

ಪತ್ರ ಬರೆದು ನಾನೇ ನೋಟಿಸ್ ಬೋರ್ಡಿಗೆ ಹಚ್ಚಿದೆ. ಏನು ಮಾಡಿದೆ, ಎಷ್ಟು ದಿನ ಮಾಡಿದೆ, ಎಲ್ಲ. ಹುಡುಗಿಯ ಹೆಸರಾಗಲಿ ನಂಬರಾಗಲಿ ಹಾಕಲಿಲ್ಲ, ಅವಳೇ ಬೇಡ ಅಂದಳು. ಮೆಟ್ಟಿಲ ಮೇಲೆ ಓದಬೇಕಾಯಿತು ಎಂದಷ್ಟೇ ಬರೆದೆ. ಹನ್ನೊಂದರ ಹೊತ್ತಿಗೆ ಬೋರ್ಡಿನ ಮುಂದೆ ಗುಂಪು. ಯಾರೂ ಕೂಗಾಡಲಿಲ್ಲ. ಓದಿ, ತಿರುಗಿ ನನ್ನನ್ನು ನೋಡಿ, ಮತ್ತೆ ಓದುತ್ತಿದ್ದರು. ಬೈಗುಳಕ್ಕೆ ಸಿದ್ಧಳಾಗಿದ್ದೆ, ಆ ಮೌನಕ್ಕೆ ಸಿದ್ಧಳಾಗಿರಲಿಲ್ಲ.

ಸಾಹೇಬರು ಕೆಂಡವಾದರು. ಪ್ರಶಸ್ತಿ ರದ್ದು. ನನಗೆ ಮೆಮೋ. ಮುಂದಿನ ಸೋಮವಾರದಿಂದ ಕೆಳಗೆ ಹಳೆಯ ಪತ್ರಿಕೆಗಳ ವಿಭಾಗ. ಸರಿ.

ಕಷ್ಟದಲ್ಲಿರುವವರಿಗೆಂದು ಒಂದು ಕೋಣೆ ಬಹಿರಂಗವಾಗಿಯೇ ಇಡಬೇಕು, ಅರ್ಜಿ ಹಾಕಿ ತೆಗೆದುಕೊಳ್ಳುವ ಹಾಗಿರಬೇಕು ಎಂದು ಕೊನೆಯಲ್ಲಿ ಬರೆದಿದ್ದೆ. ಸಾಹೇಬರು ಆ ಸಾಲು ಓದಿದರೋ ಇಲ್ಲವೋ.

ಇವರು ಸಂಜೆ ಏನೂ ಕೇಳಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಅಂದರು: "ಇಷ್ಟು ದಿನ ಮಗ ಮಗ ಅಂತ ನಕ್ಕಿದ್ದು... ಆ ಮಗು ಅಲ್ಲಿ ಮೆಟ್ಟಿಲ ಮೇಲೆ..." ತಟ್ಟೆ ಹಾಗೇ ಬಿಟ್ಟು ಎದ್ದರು.


ಏಪ್ರಿಲ್ 17, ಶುಕ್ರವಾರ, 10.05

ಈ ಮೇಜಿನ ಮುಂದೆ ನಾಳೆಯೊಂದು ದಿನ. ಅವಳ ವೈವಾವೂ ನಾಳೆಯೇ.

ನಿನ್ನೆ ಸಂಜೆ ಆರಕ್ಕೆ ತಾನೇ ಬುಕ್ ಮಾಡಿದ್ದಾಳೆ. ಏಳನೇ ಕೋಣೆ, ಹತ್ತರಿಂದ ಹನ್ನೆರಡು. ಐದು ನಿಮಿಷ ಮೊದಲೇ ಬಂದು ಕಾರ್ಡು ಚಾಚಿದಳು. ತೆಗೆದುಕೊಂಡೆ. ನಾಲ್ಕೂ ಅಂಕೆ ಓದಿದೆ. ಕೀ ಕೊಟ್ಟೆ.

11.30

ಏಳನೇ ಕೋಣೆ ನನ್ನ ಮೇಜಿಗೆ ಎದುರಿಗೇ. ಬಾಗಿಲು ಹಾಕಿದ್ದರೂ ದನಿ ತುಸು ಕೇಳುತ್ತದೆ. ಒಂದು ಪದಕ್ಕೆ ಬಂದು ನಿಲ್ಲುತ್ತಾಳೆ. ಮತ್ತೆ ಮೊದಲಿನಿಂದ. ಅಲ್ಲಿಗೇ ಬಂದು ಮತ್ತೆ ನಿಲ್ಲುತ್ತಾಳೆ. ನಾನೂರ ಇಪ್ಪತ್ತೆರಡು ಗಂಟೆ ಅವಳ ಕೈಯಲ್ಲಿದ್ದಿದ್ದರೆ...

11.56

ಆ ಪದ ದಾಟಿದಳು! ದಾಟಿ ಮುಂದೆ ಹೋಗುತ್ತಿದ್ದಾಳೆ.

11.59

ಹನ್ನೆರಡರ ಬುಕಿಂಗಿನವನು ಬಂದು ನಿಂತಿದ್ದಾನೆ. ಕಾನೂನು ಓದುವವನು. ಆಗಸ್ಟಿನಲ್ಲಿ ಗಡಿಯಾರ ಅಂದವನು. ಇವತ್ತು ಒಂದು ನಿಮಿಷ ಮೊದಲೇ. ಕೈಯಲ್ಲಿ ಕಾರ್ಡು.

ಒಳಗೆ ಅವಳು ನಿಲ್ಲಿಸಿಲ್ಲ. ಒಂದು ಉತ್ತರ ಮುಗಿಸಿ ಇನ್ನೊಂದು ಶುರು ಮಾಡಿದ್ದಾಳೆ, ಎಲ್ಲೂ ತಡೆಯದೆ. ಹನ್ನೆರಡಕ್ಕೆ ಬಾಗಿಲು ತಟ್ಟಬೇಕು. ಇದು ಅವನ ಟೈಮು. ತಟ್ಟದೆ ಇರಲು ನನಗೆ ಹಕ್ಕಿಲ್ಲ.

12.03

ಈಗ ಏನಾಯಿತು ಎಂದು ಬರೆದಿಡಬೇಕು.

ನಾನು ತಟ್ಟಲು ಎದ್ದೆ. ಅವನೂ ಬಾಗಿಲ ಕಡೆ ಕಿವಿ ಕೊಟ್ಟಿದ್ದ. "ಇವ್ರೇನಾ ಮೇಡಂ? ಮೆಟ್ಟಿಲು?" ಎಂದು ಮೆಲ್ಲಗೆ ಕೇಳಿದ. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನನ್ನ ಮುಖ ನೋಡಿದ. ಚಾಚಿದ್ದ ಕಾರ್ಡನ್ನು ಜೇಬಿಗೆ ಹಾಕಿಕೊಂಡ.

"ನಾನಿನ್ನೂ ಬಂದಿಲ್ಲ ಮೇಡಂ. ಹದಿನೈದು ನಿಮಿಷ ಟೈಮಿದೆ ಅಲ್ವಾ?"

ಅಂದವನೇ ಸದ್ದಾಗದ ಹಾಗೆ ಇಳಿದು ಹೋಗಿ, ನೀರಿನ ಫಿಲ್ಟರ್ ಪಕ್ಕ, ಅವಳು ಕೂರುತ್ತಿದ್ದಲ್ಲೇ ಕೂತ. ಪುಸ್ತಕ ತೆರೆದ.

ನನ್ನ ನಿಯಮ. ನಾನೇ ಬರೆದದ್ದು. ಅದರಲ್ಲಿ ಇಷ್ಟು ಜಾಗ ಇತ್ತೆಂದು ನನಗೇ ಗೊತ್ತಿರಲಿಲ್ಲ. ಕಣ್ಣು ಮಂಜಾಗಿ ಗಡಿಯಾರವೂ ಸರಿಯಾಗಿ ಕಾಣುತ್ತಿಲ್ಲ.

12.10

ಇನ್ನೂ ಹೇಳುತ್ತಿದ್ದಾಳೆ. ಅವಳಿಗೆ ಹೊತ್ತಾದದ್ದು ಗೊತ್ತೇ ಇಲ್ಲ.

12.14

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಳಗೆ ಅವಳಿನ್ನೂ ಹೇಳುತ್ತಲೇ ಇದ್ದಾಳೆ. ಹದಿನೈದಕ್ಕೆ ನಾನು ಬಾಗಿಲು ತಟ್ಟುತ್ತೇನೆ.